ನಾಲ್ಕನೆಯ ಖಾನೆಯ ಬೇರು

ಶನಿವಾರ ಬೆಳಿಗ್ಗೆ ಅಂಬವ್ವತ್ತಿಯ ಗಂಟಲು ಕೂತುಬಿಟ್ಟಿತು. ಮರುದಿನ ಸಂಜೆ ನಮ್ಮಕ್ಕ ಶಾಮಲಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವ್ವನಿಗೆ ಗಾಬರಿ. ಅಪ್ಪನಿಗೆ ಆಗಲೇ ಹಲ್ಲುನೋವು ಶುರುವಾಗಿತ್ತು, ಹಾಗಾಗಿ ಅವರ ಮುಖ ನೋಡಿ ಏನೂ ಹೇಳುವಂತಿರಲಿಲ್ಲ. ಅಕ್ಕ ಮಾತ್ರ ಅಡುಗೆಮನೆಗೆ ಹೋಗಿ, ಫ್ರಿಜ್ಜಿನ ಬಾಗಿಲು ತೆಗೆದು, ಒಳಗೆ ತಲೆ ಹಾಕಿಕೊಂಡು ನಕ್ಕಳು. ಹಿಂದೆಯೇ ಹೋಗಿದ್ದ ನಾನು ನೋಡಿಬಿಟ್ಟೆ.

"ನಗಬ್ಯಾಡ," ಅಂದೆ. "ನಾಳಿ ಅನ್ನೂದರಾಗ ಆಕಿ ಗಂಟಲ ತೆರಕೋತೈತಿ."

"ಗೊತ್ತೈತಿ ನೀಲಿ. ಒಂದು ದಿನಾನಾದ್ರೂ ನಗಾಕ ಬಿಡು," ಅಂದಳು ಅಕ್ಕ.

ಅಂಬವ್ವತ್ತಿ ಅಪ್ಪನ ಅಕ್ಕ. ಶಾಮಲಕ್ಕ ಹುಟ್ಟಿದಾಗ ಬಾಣಂತನ ಮಾಡಲೆಂದು ಕೊಪ್ಪಳದಿಂದ ಹೈದರಾಬಾದಿಗೆ ಬಂದವಳು. ತಿಂಗಳಿಗೆ ವಾಪಸ್ ಹೋಗುತ್ತೇನೆ ಅಂದಿದ್ದಳಂತೆ. ಈಗ ಅಕ್ಕನಿಗೆ ಇಪ್ಪತ್ಮೂರು. ಕೂಕಟ್‌ಪಲ್ಲಿಯ ನಮ್ಮ ಮೂರನೇ ಮಹಡಿಯ ಫ್ಲಾಟಿನಲ್ಲಿ ಅತ್ತಿಯ ದನಿಯೇ ಗಡಿಯಾರ, ಅದೇ ಕಾಲಿಂಗ್ ಬೆಲ್ಲು, ಅದೇ ರೇಡಿಯೋ. ವಾಚ್‌ಮನ್ ಜೊತೆ ತೆಲುಗು, ತರಕಾರಿಯವನ ಜೊತೆ ಹಿಂದಿ, ದೇವರ ಜೊತೆ ಮತ್ತು ಅಪ್ಪನ ಜೊತೆ ಕನ್ನಡ. ಈ ಸಲ ಅವಳ ಗಂಟಲು ಹೋದದ್ದು ಮೆಟ್ರೋದಿಂದ. ನಮ್ಮ ಬಿಲ್ಡಿಂಗಿನ ಎದುರಿಗೇ ಕಂಬ ಎಬ್ಬಿಸುತ್ತಿದ್ದರು. ಬಾಲ್ಕನಿಯಲ್ಲಿ ಒಣಗಿಸಿದ ಸಂಡಿಗೆಗೆ ಧೂಳು ಬೀಳುತ್ತದೆಂದು ಅತ್ತಿ ಮೂರನೇ ಮಹಡಿಯಿಂದಲೇ ಕ್ರೇನಿನವನ ಜೊತೆ ಜಗಳಕ್ಕೆ ನಿಂತಿದ್ದಳು. ಕ್ರೇನು ನಿಲ್ಲಲಿಲ್ಲ, ಅತ್ತಿಯ ಗಂಟಲು ನಿಂತಿತು.

ಅಕ್ಕನ ನಗುವಿಗೆ ಕಾರಣವಿತ್ತು. ಅವಳು ಆಯುರ್ವೇದ ಕಾಲೇಜಿನಲ್ಲಿ ಓದುತ್ತಾಳೆ. ಪರೀಕ್ಷೆಗಳೆಲ್ಲ ಮುಗಿದು ಒಂದು ವರ್ಷದ ಇಂಟರ್ನ್‌ಶಿಪ್ಪು ಉಳಿದಿದೆ. ಆಮೇಲೆ ಒಂದು ಸಣ್ಣ ದವಾಖಾನೆ ಹಾಕಬೇಕೆಂಬುದು ಅವಳ ಆಸೆ. ಇದು ನಮ್ಮ ಮನೆಯವರಿಗೆಲ್ಲ ಗೊತ್ತು. ಆದರೆ ನೋಡಲು ಬಂದವರಿಗೆ ಇದು ಗೊತ್ತಾಗುವುದೇ ಇಲ್ಲ. ಯಾಕೆಂದರೆ ಅಕ್ಕನನ್ನು ಏನು ಕೇಳಿದರೂ ಉತ್ತರ ಕೊಡುವವಳು ಅತ್ತಿ. ಹೋದ ಸಲ ಸಿಂಧನೂರಿನವರು ಬಂದು, "ಮುಂದ ಏನ್ ಮಾಡಬೇಕಂತಿ ತಂಗಿ?" ಎಂದು ಕೇಳಿದ್ದೇ ತಡ, ಅತ್ತಿ ಶುರು ಮಾಡಿದಳು. "ಆಕಿ ಏನ್ ಮಾಡ್ತಾಳ್ರಿ, ನೀವು ಹೇಳಿದ್ದ ಮಾಡ್ತಾಳ. ಓದು ಏನ್ರಿ, ಇವತ್ತ ಬಿಡು ಅಂದ್ರ ಇವತ್ತ ಬಿಡ್ತಾಳ. ಎರಡೂ ಹೊತ್ತು ಜ್ವಾಳದ ರೊಟ್ಟಿ ಬಡೀತಾಳ. ಊರಾಗಿರು ಅಂದ್ರ ಊರಾಗಿರ್ತಾಳ."

ಅವರು ಖುಷಿಯಾಗಿ ಒಪ್ಪಿಬಿಟ್ಟರು! ಅಕ್ಕ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅತ್ತಳು. ಕೊನೆಗೆ ಅಪ್ಪ ಫೋನ್ ಮಾಡಿ ಇಲ್ಲ ಅನ್ನಬೇಕಾಯಿತು. ಅಪ್ಪ ತಮ್ಮ ಜನ್ಮದಲ್ಲಿ ಅಷ್ಟು ಹೊತ್ತು ಫೋನಿನಲ್ಲಿ ಮಾತಾಡಿದ್ದು ಅದೊಂದೇ ಸಲ.

ಈಗ ಬರುವವನ ಹೆಸರು ಶರಣಬಸವ. ಸಿಕಂದರಾಬಾದಿನಲ್ಲಿ ರೈಲ್ವೆ ಆಫೀಸಿನಲ್ಲಿ ಕೆಲಸ. ಫೋಟೋದಲ್ಲಿ ಕಿವಿ ಸ್ವಲ್ಪ ದೊಡ್ಡದಾಗಿ ಕಾಣುತ್ತಿತ್ತು. "ಕಿವಿ ದೊಡ್ಡು ಅದಾವ ಅಂದ್ರ ಕೇಳಿಸಿಕೋತಾನ," ಅಂದಿದ್ದಳು ಅಕ್ಕ, ಆ ಫೋಟೋವನ್ನು ತನ್ನ ಪುಸ್ತಕದಲ್ಲಿ ಇಟ್ಟುಕೊಂಡು. ಅಂದರೆ ಮೆಚ್ಚಿದ್ದಳು.

"ಅವನು ಬ್ಯಾಡ ಅಂದ್ರೂ ಅನ್ನಲಿ ನೀಲಿ," ಫ್ರಿಜ್ ಮುಚ್ಚುತ್ತ ಹೇಳಿದಳು. "ಆದ್ರ ನಾ ಹೇಳಿದ್ದು ಕೇಳಿ ಬ್ಯಾಡ ಅನ್ನಲಿ. ಅತ್ತಿ ಹೇಳಿದ್ದು ಕೇಳಿ ಹೂಂ ಅಂದ್ರ ನಾ ಮತ್ತ ಏನ್ ಮಾಡ್ಲಿ?"

"ಹಂಗಂತ ಅತ್ತಿಗೇ ಹೇಳು."

"ನೀ ಹೇಳ್ತೀಯೇನು?"

ನಾನು ಹೇಳುವವಳಲ್ಲ. ಅತ್ತಿಗೆ ಬಾಯಿ ಮುಚ್ಚು ಅನ್ನುವ ಧೈರ್ಯ ನಮ್ಮ ಮನೆಯಲ್ಲಿ ಕುಕ್ಕರಿಗೂ ಇಲ್ಲ. ಮೇಲಾಗಿ ಅವಳು ಮಾತಾಡುವುದೆಲ್ಲ ಪ್ರೀತಿಯಿಂದ. ಹುಡುಗಿ ನಾಚಿಕೊಂಡು ಕೂತಾಗ ಹಿರಿಯರು ಮಾತಾಡಿ ಗೆಲ್ಲಿಸಬೇಕು ಎಂಬುದು ಅವಳ ನಂಬಿಕೆ. ನಮ್ಮಕ್ಕ ನಾಚುವವಳೇ ಅಲ್ಲ, ಮಾತಿಗೆ ಸಂದು ಸಿಗದವಳು ಅಷ್ಟೇ.

ಇನ್ನು ಅತ್ತಿಯ ಸಂಚಿಯ ಬಗ್ಗೆ ಹೇಳಬೇಕು. ಅದು ಮದುವೆಯಲ್ಲಿ ಅವಳಿಗೆ ಕೊಟ್ಟಿದ್ದ ಎಲೆ-ಅಡಿಕೆಯ ಸಂಚಿ. ಕೆಂಪು ಬಟ್ಟೆ, ಅಂಚಿಗೆ ಹಸಿರು ಪಟ್ಟಿ, ಒಂದು ಮಗ್ಗುಲಿಗೆ ದಾರ, ಒಳಗೆ ಸಾಲಾಗಿ ನಾಲ್ಕು ಖಾನೆ. ಡಾಕ್ಟರು ಅಡಿಕೆ ಬಿಡಿಸಿದ ಮೇಲೆ ಅತ್ತಿ ಸಂಚಿಯನ್ನು ಬಿಡಲಿಲ್ಲ, ಅದರಲ್ಲಿ ಬೇರು ತುಂಬಿದಳು. ಸುಲ್ತಾನ್ ಬಜಾರಿನ ಗಲ್ಲಿಯೊಂದರಲ್ಲಿ ಬೇರು-ನಾರು ಮಾರುವ ಅಂಗಡಿಯಿದೆ. ಅಲ್ಲಿಂದ ತಂದು, ಬಿಸಿಲಿಗೆ ಹಾಕಿ, ಬೆರಳಿನ ಗೆಣ್ಣಿನಷ್ಟು ಉದ್ದಕ್ಕೆ ಕತ್ತರಿಸಿ ಇಡುತ್ತಾಳೆ. ಮೊದಲನೆಯ ಖಾನೆಯಲ್ಲಿ ಜ್ಯೇಷ್ಠಮಧು, ಗಂಟಲಿಗೆ. ಎರಡನೆಯದರಲ್ಲಿ ಬಜೆ, ಹೊಟ್ಟೆಗೆ. ಮೂರನೆಯದರಲ್ಲಿ ಹಿರೇಮದ್ದು, ಅದನ್ನೇ ಅಕ್ಕನ ಪುಸ್ತಕದಲ್ಲಿ ಅಶ್ವಗಂಧ ಅನ್ನುತ್ತಾರೆ, ಸುಸ್ತಿಗೆ, ಕೈಕಾಲು ನೋವಿಗೆ. ನಾಲ್ಕನೆಯದರಲ್ಲಿ ಅಕ್ಕಲಕರೆ, ಹಲ್ಲುನೋವಿಗೆ.

ಕತ್ತರಿಸಿದ ಮೇಲೆ ಎಲ್ಲವೂ ಒಣಗಿದ ಕಡ್ಡಿಯ ತುಂಡುಗಳೇ. ನನಗಂತೂ ಎಲ್ಲ ಒಂದೇ ಥರ ಕಾಣುತ್ತವೆ. ಆದರೆ ಅತ್ತಿ ಯಾವತ್ತೂ ನೋಡಿ ತೆಗೆಯುವವಳಲ್ಲ. ಮಾತಾಡುತ್ತಲೇ ಸೊಂಟದಿಂದ ಸಂಚಿ ತೆಗೆದು, ದಾರ ಬಲಕ್ಕೆ ಬರುವ ಹಾಗೆ ಹಿಡಿದು, ದಾರದ ಕಡೆಯಿಂದ ಖಾನೆ ಎಣಿಸಿ ಬೆರಳು ಹಾಕಿದರೆ ಬೇಕಾದದ್ದೇ ಬರಬೇಕು. "ನನ್ನ ಬಟ್ಟಿಗೆ ಕಣ್ಣು ಅದಾವ," ಅನ್ನುತ್ತಾಳೆ. ಬಟ್ಟು ಅಂದರೆ ಬೆರಳು. ಅಕ್ಕ ಆಯುರ್ವೇದಕ್ಕೆ ಹೋದದ್ದೂ ಈ ಸಂಚಿಯಿಂದಲೇ. ಚಿಕ್ಕವಳಿದ್ದಾಗ ಅದರಲ್ಲಿ ಮೂಗು ಹಾಕಿಕೊಂಡು ಮಲಗುತ್ತಿದ್ದಳಂತೆ. ಈಗ ಇಬ್ಬರಿಗೂ ಅದೇ ಜಗಳ. "ನಾ ಪುಕಟ್ಟೆ ಹೇಳಿಕೊಟ್ಟಿದ್ದನ್ನ ಕಾಲೇಜಿನ್ಯಾಗ ಸಂಸ್ಕೃತದಾಗ ಹೇಳ್ತಾರ, ಅಷ್ಟ," ಅನ್ನುತ್ತಾಳೆ ಅತ್ತಿ.

ಶನಿವಾರವಿಡೀ ಅವಳು ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡೇ ಓಡಾಡಿದಳು. ಮಾತಿನ ಬದಲು ಕೈ. ಪರದೆ ಒಗೆಯಬೇಕು, ಸೋಫಾದ ಕವರು ಬದಲಿಸಬೇಕು, ಫ್ಯಾನಿನ ರೆಕ್ಕೆ ಒರೆಸಬೇಕು, ಎಲ್ಲ ಕೈಯಲ್ಲೇ ಹೇಳಿದಳು. ಕೈಗೂ ದನಿ ಇರುತ್ತದೆಂದು ಅವತ್ತು ಗೊತ್ತಾಯಿತು. ಒಗೆಯುವ ಭರದಲ್ಲಿ ಅವ್ವ ಸಂಚಿಯನ್ನೂ ಕೇಳಿದಳು. "ಅತ್ತಿಗೆವ್ರ, ನಾಳಿ ಅವರ ಮುಂದ ಇದನ್ನ ತಗಿತೀರಿ. ಎಣ್ಣಿ ಜಿಡ್ಡು ಹಿಡದೈತಿ, ಕೊಡ್ರಿ."

ಅತ್ತಿ ಮನಸ್ಸಿಲ್ಲದೆ ಬೇರುಗಳನ್ನು ಪೇಪರಿನ ಮೇಲೆ ನಾಲ್ಕು ಗುಡ್ಡೆ ಸುರಿದು ಸಂಚಿ ಕೊಟ್ಟಳು. ಸಂಜೆಗೆ ಸಂಚಿ ಒಣಗಿತು. ಅಷ್ಟರಲ್ಲಿ ಅತ್ತಿ ಸುಸಲಾಕ್ಕೆ ಮಂಡಕ್ಕಿ ಆರಿಸಲು ಕೂತಿದ್ದಳು. ಅಪ್ಪನನ್ನು ಕರೆದು, ಪಿಸುದನಿಯಲ್ಲಿ, "ಮಲ್ಲಪ್ಪಾ, ಇವನ್ನ ತುಂಬು. ಈ ಗುಡ್ಡಿ ಬಲಕ್ಕ, ಮೊದಲನೇ ಖಾನಿ. ಆಮ್ಯಾಲ ಸಾಲಾಗಿ," ಅಂದಳು. ಅಪ್ಪ ದವಡೆ ಹಿಡಿದುಕೊಂಡು ಕೂತು ಸಾವಕಾಶವಾಗಿ ತುಂಬಿದರು. ನಾನು ಅಲ್ಲೇ ಫೋನ್ ನೋಡುತ್ತ ಕೂತಿದ್ದೆ. ಅಪ್ಪ ಕೆಲಸ ಮಾಡಿದರೆ ನೋಡುವಂಥದ್ದು ಏನೂ ಇರುವುದಿಲ್ಲ, ಅಷ್ಟು ಅಚ್ಚುಕಟ್ಟು. ಕಾರ್ಖಾನೆಯಲ್ಲೂ ಅವರಿಗೆ ಅದೇ ಹೆಸರು.

ಭಾನುವಾರ ಬೆಳಿಗ್ಗೆ ಅತ್ತಿಯ ದನಿ ಮರಳಿ ಬಂತು. "ನೀಲೀ, ಏಳಽ! ಸೂರ್ಯ ಪಟಾನ್‌ಚೆರು ಮುಟ್ಯಾನ!" ಎಂಬ ಕೂಗಿಗೆ ಎದ್ದೆ. ಪಟಾನ್‌ಚೆರು ನಮಗೆ ಪಡುವಣ ದಿಕ್ಕು. ಅಕ್ಕ ಹಾಸಿಗೆಯಲ್ಲೇ ಕಣ್ಣು ತೆರೆದು ಸೂರು ನೋಡಿದಳು. "ಮುಗೀತು," ಅಂದಳು.

ಅಪ್ಪನ ನೋವು ಇನ್ನೂ ಹೋಗಿರಲಿಲ್ಲ. ಅತ್ತಿ ಬಾಲ್ಕನಿಯಲ್ಲಿ ನಿಂತು ವಾಚ್‌ಮನ್‌ಗೆ ಲಿಫ್ಟಿನ ಬಗ್ಗೆ ಬೈಯುತ್ತಲೇ ನಾಲ್ಕನೆಯ ಖಾನೆಯಿಂದ ಒಂದು ತುಂಡು ತೆಗೆದು ಕೊಟ್ಟಳು. "ನೋಯೂ ಹಲ್ಲಿನ ಮ್ಯಾಲ ಇಟಗೊಂಡು ಅಗಿ. ಮಧ್ಯಾಹ್ನ ಮತ್ತೊಂದು ತಗೋ."

ಅಪ್ಪ ಅಗಿದರು. ಹೇಗಿದೆ ಎಂದು ಕೇಳಿದರೆ, "ಛಲೋ ಐತಿ," ಅಂದರು. ಮಧ್ಯಾಹ್ನ ಮತ್ತೊಂದು ತಾವೇ ಕೇಳಿ ಇಸಿದುಕೊಂಡರು.

ಸಂಜೆ ಗೇಟಿನ ಮುಂದೆ ಆಟೋ ನಿಂತಿತು. ನಾನು ಬಾಲ್ಕನಿಯಿಂದ ಬಗ್ಗಿ ನೋಡಿ ಎಲ್ಲರಿಗೂ ಕೇಳುವ ಹಾಗೆ ವರದಿ ಕೊಟ್ಟೆ. "ಇಬ್ಬರ ಬಂದಾರ! ಅವನು, ಅವ್ರ ಅವ್ವ! ಕಿವಿ ಫೋಟೋದಾಗಿದ್ದಷ್ಟ ಅದಾವ! ಅವ್ವನ ವ್ಯಾನಿಟಿ ಬ್ಯಾಗ್ ಅವನ ಹೆಗಲಮ್ಯಾಗ ಐತಿ!"

"ಬಾಯಿ ಮುಚ್ಚ, ಹುಚ್ಚಿ," ಅಂದಳು ಅತ್ತಿ. ಹೊಸದಾಗಿ ಒಗೆದ ಸಂಚಿಯನ್ನು ಸೊಂಟದಿಂದ ತೆಗೆದಳು. "ಕೀಲಿಗೆ ಒಂದಿಷ್ಟು ಎಣ್ಣಿ ಹಾಕ್ಕೋತೀನಿ. ಇವತ್ತ ಈ ಗಂಟಲ ಕೈ ಕೊಡಬಾರದು." ಬೆಲ್ ಹೊಡೆಯಿತು. ಅತ್ತಿ ಬಾಗಿಲ ಕಡೆ ನೋಡುತ್ತಲೇ ಮೊದಲನೆಯ ಖಾನೆಗೆ ಬೆರಳು ಹಾಕಿ, ಒಂದಲ್ಲ, ಎರಡು ತುಂಡು ತೆಗೆದು ದವಡೆಗೆ ಹಾಕಿ ಕಟುಮ್ ಎಂದು ಕಡಿದಳು.

"ಬರ್ರಿ, ಬರ್ರಿ, ಒಳಗ ಬರ್ರಿ! ಲಿಫ್ಟ್ ಬಂದ್ ಬಿದ್ದೈತಿ, ಭಾಳ ಪರೇಶಾನ್ ಆತು ನಿಮಗ. ಕೂಡ್ರಿ, ಇಲ್ಲೆ ಫ್ಯಾನಿನ ಕೆಳಗ ಕೂಡ್ರಿ. ನಮ್ಮ ಹುಡುಗಿ ಅಂದ್ರ ನೀವು—"

ಅಲ್ಲಿಗೆ ನಿಂತಿತು. ಅತ್ತಿಯ ಕಣ್ಣುಗಳು ದೊಡ್ಡವಾದವು. ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿರಬಿರನೆ ಒಳಗೆ ಹೋದಳು. ನಾನು ಹಿಂದೆ ಓಡಿದೆ. ಬೇಸಿನ್ ಮುಂದೆ ನಿಂತು ಉಗುಳುತ್ತಿದ್ದಳು, ಬಾಯಿ ಮುಕ್ಕಳಿಸುತ್ತಿದ್ದಳು, ಮತ್ತೆ ಉಗುಳುತ್ತಿದ್ದಳು. ಬಾಯಿಂದ ನೀರು ನಲ್ಲಿ ಬಿಟ್ಟ ಹಾಗೆ ಸುರಿಯುತ್ತಿತ್ತು.

"ಅತ್ತಿ, ಏನಾತು?"

ಏನೋ ಹೇಳಲು ಹೋದಳು. ನಾಲಿಗೆ ಹೊರಳಲಿಲ್ಲ. ತೊಟ್ಟಿಲ ಕೂಸಿನಂತೆ "ಅವ್ ಅವ್" ಎಂದಷ್ಟೇ ಬಂತು. ಸಂಚಿ ಬಿಚ್ಚಿ, ಮೊದಲನೆಯ ಖಾನೆಯ ತುಂಡೊಂದನ್ನು ಮುರಿದು ನನ್ನ ಮೂಗಿನ ಕೆಳಗೆ ಹಿಡಿದಳು. ಜ್ಯೇಷ್ಠಮಧುವಾದರೆ ಒಳಗೆ ಅರಿಶಿನದ ಹಾಗೆ ಹಳದಿ ಇರಬೇಕಿತ್ತು. ಇದು ಬೂದುಬಣ್ಣ. ಅಕ್ಕಲಕರೆ! ಹಲ್ಲಿನ ಮೇಲೆ ಒಂದು ಚೂರು ಇಟ್ಟರೆ ಸಾಕು, ದವಡೆ ಜುಮುಜುಮು ಎಂದು ಮರಗಟ್ಟಿ ಬಾಯೆಲ್ಲ ನೀರಾಗುತ್ತದೆ. ಅತ್ತಿ ಎರಡು ತುಂಡು ಅಗಿದಿದ್ದಳು. ಅರ್ಧ ತಾಸಾದರೂ ನಾಲಿಗೆ ಅವಳ ಮಾತು ಕೇಳುವಂತಿರಲಿಲ್ಲ.

ನನಗೆ ನಗು ಬಂದದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ಅತ್ತಿ ನನ್ನ ತಲೆಗೆ ಒಂದು ಮೊಟಕಿ, ಮುಖ ಒರೆಸಿಕೊಂಡು, ಸೆರಗಿನ ತುದಿ ಬಾಯಿಗಿಟ್ಟುಕೊಂಡು, ಏನೂ ಆಗದವಳಂತೆ ಹೊರಗೆ ಹೋಗಿ ಕುರ್ಚಿಯಲ್ಲಿ ಕೂತಳು.

ನಮ್ಮ ಹಾಲಿನಲ್ಲಿ ಅಷ್ಟು ಸದ್ದಿಲ್ಲದ ಹೊತ್ತನ್ನು ನಾನು ಯಾವತ್ತೂ ಕಂಡಿರಲಿಲ್ಲ. ಫ್ಯಾನಿಗೆ ಒಂದು ಕಿರಿಕಿರಿ ಸದ್ದು ಇದೆ ಎಂದು ಅವತ್ತೇ ಗೊತ್ತಾಯಿತು. ಅಪ್ಪ ಮಾತಾಡುವವರಲ್ಲ. ಅವ್ವ ಬಂದವರ ಮುಂದೆ ನಗುವುದಷ್ಟನ್ನೇ ಮಾಡುತ್ತಾಳೆ. ಅಡುಗೆಮನೆಯಿಂದ ನನ್ನ ಫೋನಿಗೆ ಅಕ್ಕನ ಎಸ್ಸೆಮ್ಮೆಸ್ ಬಂತು. 'ಅತ್ತಿ ಯಾಕ ಸುಮ್ಮನ ಅದಾಳ? ಆರಾಮ ಐತಿಲ್ಲ?' ನಾನು ಕುರ್ಚಿಯ ಹಿಂದೆ ಕೈ ಇಟ್ಟುಕೊಂಡೇ ಒತ್ತಿದೆ. 'ಆರಾಮ ಐತಿ. ಚಾ ತಗೊಂಡು ಬಾ. ಮಾತೂ ತಗೊಂಡು ಬಾ.'

ಹುಡುಗನ ತಾಯಿ ಸಾವಿತ್ರಿಬಾಯಿ ಇಳಕಲ್ ಸೀರೆ ಉಟ್ಟ ಎತ್ತರದ ಹೆಂಗಸು. ಮೆಟ್ಟಿಲು ಹತ್ತಿ ಬಂದದ್ದಕ್ಕೆ ಇನ್ನೂ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. ಅತ್ತಿಯ ಕಡೆ ತಿರುಗಿ, "ಯಾಕ್ರಿ, ಮೈಯಾಗ ಆರಾಮ ಇಲ್ಲೇನು?" ಎಂದು ಕೇಳಿದರು.

ಯಾರಾದರೂ ಏನಾದರೂ ಹೇಳಲೇಬೇಕಿತ್ತು. ನನ್ನ ಬಾಯಿ ನನಗಿಂತ ಮೊದಲು ಓಡುತ್ತದೆ. "ಆರಾಮ ಅದಾರ್ರಿ. ಅವರದು ಇವತ್ತ ಮೌನ ಐತ್ರಿ," ಅಂದುಬಿಟ್ಟೆ.

ಅತ್ತಿ ನನ್ನನ್ನು ನೋಡಿದ ನೋಟಕ್ಕೆ ಕ್ರೇನು ನಿಲ್ಲಬೇಕಿತ್ತು.

"ಬಾಗಲದಾಗ ಮಾತಾಡಿದ್ರಲ್ಲ?" ಅಂದ ಶರಣಬಸವ. ಪಾಪ, ಕೊಂಕಿಲ್ಲದೆ ಕೇಳಿದ್ದು. ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು.

"ಅದು... ಹೊತ್ತು ಇಳಿದ ಮ್ಯಾಲ ಚಾಲೂ ಆಗತೈತ್ರಿ. ಈಗ ಆತು."

"ನೋಡಪಾ," ಅಂದರು ಸಾವಿತ್ರಿಬಾಯಿ ಮಗನಿಗೆ. "ನಾವು ಬಂದೀವಿ ಅಂತ ಎರಡು ಮಾತಾಡಿ, ಆಮ್ಯಾಲ ವ್ರತ ಹಿಡದಾರ. ಇಂಥಾ ಹಿರ್ಯಾರು ಈಗ ಎಲ್ಲಿ ಸಿಗತಾರ?" ಎಂದು ಅತ್ತಿಗೆ ಕೈಮುಗಿದರು. ಅತ್ತಿ ತಿರುಗಿ ಕೈಮುಗಿದಳು. ಬೇರೆ ದಾರಿಯೇ ಇರಲಿಲ್ಲ. ಆಮೇಲೆ ಮತ್ತೆ ಬೇಸಿನ್ನಿಗೆ ಹೋಗಿಬಂದಳು. ಅದನ್ನೂ ವ್ರತದ ಭಾಗ ಅಂದುಕೊಂಡರೋ ಏನೋ, ಯಾರೂ ಕೇಳಲಿಲ್ಲ.

ಅಕ್ಕ ಚಹಾ, ಸುಸಲಾ, ಉಸ್ಮಾನಿಯಾ ಬಿಸ್ಕತ್ತು ತಂದಳು. ಸಾವಿತ್ರಿಬಾಯಿ ಅವಳನ್ನು ಕೂರಿಸಿಕೊಂಡು ಊರು, ಕಾಲೇಜು ಕೇಳಿ, ಕೊನೆಗೆ ಆ ಪ್ರಶ್ನೆಗೇ ಬಂದರು. "ಮುಂದ ಏನ್ ಮಾಡಬೇಕಂತ ಐತಿ ತಂಗಿ?"

ರೂಢಿ ನೋಡಿ. ನಾನು, ಅವ್ವ, ಅಪ್ಪ ಮೂವರೂ ಒಟ್ಟಿಗೇ ಅತ್ತಿಯ ಕಡೆ ತಿರುಗಿದೆವು. ಅತ್ತಿಯೂ ರೂಢಿಯಂತೆ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಗಟಕ್ಕೆಂದು ನುಂಗಿದಳು. ಅಕ್ಕ ಅವಳನ್ನೇ ನೋಡಿ ಒಂದು ಗಳಿಗೆ ಕಾದಳು. ಏನೂ ಬರದಿದ್ದಾಗ, ಟ್ರೇಯನ್ನು ಟೀಪಾಯಿಯ ಮೇಲಿಟ್ಟು ನೆಟ್ಟಗೆ ಕೂತಳು.

"ನಂದು ಇನ್ನ ಒಂದು ವರ್ಷ ಇಂಟರ್ನ್‌ಶಿಪ್ ಐತ್ರಿ. ಅದನ್ನ ಮುಗಸ್ತೀನಿ. ಆಮ್ಯಾಲ ಇಲ್ಲೇ ಹೈದರಾಬಾದಿನ್ಯಾಗ ಒಂದು ಸಣ್ಣ ದವಾಖಾನಿ ಹಾಕಬೇಕಂತ ಐತಿ. ರೊಟ್ಟಿ ಬಡಿಯಾಕ ಬರತೈತ್ರಿ. ಆದ್ರ ದಿನಾ ಎರಡೂ ಹೊತ್ತು ನಾನ ಬಡೀತೀನಿ ಅಂತ ಮಾತು ಕೊಡಾಕ ಆಗೂದಿಲ್ಲ. ಇದನ್ನ ಮೊದಲ ಹೇಳಬೇಕಿತ್ತು, ಅದಕ್ಕ ಹೇಳಿದ್ನಿ."

ಸಾವಿತ್ರಿಬಾಯಿ ಮಗನ ಮುಖ ನೋಡಿದರು. ಮಗ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಿಡಿದಿದ್ದ. ಅದು ಮೆತ್ತಗಾಗಿ ಕಪ್ಪಿನ ಕೆಳಗಿನ ಬಸಿಯಲ್ಲಿ ಬಿತ್ತು.

"ರೊಟ್ಟಿ ನಮ್ಮನ್ಯಾಗ ನಾನೂ ಬಡೀತೀನ್ರಿ," ಅಂದ. "ಅಂಚು ಹರೀತಾವ ಅಷ್ಟ."

"ಅಂಚು ಏನ್ ಹರೀತಾವ, ನಡುವ ಹರೀತಾವ," ಅಂದರು ತಾಯಿ. "ದಿನಾ ನಮ್ಮ ತಾಟಿನ್ಯಾಗ ಎರಡು ರಾಜ್ಯ ಆಗತಾವ."

ರಾಜ್ಯ ಒಡೆದು ಎರಡಾಗುವ ಸುದ್ದಿಯೇ ಟಿವಿಯಲ್ಲಿ ಹಗಲೂ ರಾತ್ರಿ ಇದ್ದ ಕಾಲ. ಅಪ್ಪ ಕೂಡ ದವಡೆ ಹಿಡಿದುಕೊಂಡು ನಕ್ಕರು. ಅಕ್ಕನ ಹೆಗಲು ಒಂದಿಷ್ಟು ಇಳಿದವು.

"ದವಾಖಾನಿ ಎಲ್ಲಿ ಹಾಕಬೇಕಂತೀರಿ?" ಎಂದು ಹುಡುಗ ಕೇಳಿದ. ಅವಳು ಹೇಳಿದಳು. "ಸಿಕಂದರಾಬಾದಿನ ಕಡೆ ಆದ್ರ?" ಅಂದ. "ಅಲ್ಲಿ ಕಾಯಿಲೆ ಬೀಳೂದಿಲ್ಲೇನ್ರಿ ಮಂದಿ?" ಅಂದಳು. ಇಬ್ಬರೂ ಒಟ್ಟಿಗೆ ನಕ್ಕಾಗ ನಾನು ಅತ್ತಿಯನ್ನು ನೋಡಿದೆ. ಸೆರಗು ಬಾಯಿಂದ ಸರಿಸದೆ, ಟೆನಿಸ್ ನೋಡುವವರ ಹಾಗೆ ಆ ಮುಖ ಈ ಮುಖ ನೋಡುತ್ತಿದ್ದಳು.

ಆಗ ಸಾವಿತ್ರಿಬಾಯಿ ಅಂದರು, "ಹಂಗಾದ್ರ ನನ್ನ ಮೊಣಕಾಲಿಗೆ ಒಂದು ಬೇರು ಹೇಳು ಮತ್ತ, ಡಾಕ್ಟರವ್ವ."

ಮೊಣಕಾಲು! ಬೇರು! ಅತ್ತಿ ಕುರ್ಚಿಯಲ್ಲೇ ಪುಟಿದಳು. ಕೈ ಸೊಂಟದ ಸಂಚಿಗೆ ಹೋಗಿಯೇಬಿಟ್ಟಿತ್ತು. ಸಂಚಿ ಹೊರಗೆ ಬಂತು, ಹಿರೇಮದ್ದಿನ ಖಾನೆಗೆ ಬೆರಳು ಹೋಯಿತು. ಅಲ್ಲಿ ತಡೆದಳು. ಇವತ್ತು ಯಾವ ಖಾನೆಯಲ್ಲಿ ಯಾವ ಬೇರಿದೆಯೋ ಅವಳಿಗೇ ಗೊತ್ತಿರಲಿಲ್ಲ.

ಅಕ್ಕ ಅತ್ತ ನೋಡಲಿಲ್ಲ. "ಹಂಗ ಕೂತಲ್ಲೇ ಹೇಳಾಕ ಬರೂದಿಲ್ರಿ," ಅಂದಳು. "ಹತ್ತಾಗ ನೋಯ್ತೈತೋ, ಇಳಿಯಾಗೋ? ಮುಂಜಾನಿ ಏಳೂದರಾಗ ಕಾಲು ಬಿಗಿ ಇರ್ತಾವೇನು? ಸಕ್ಕರಿ ಐತೇನ್ರಿ? ಈಗ ಯಾವ ಗುಳಿಗಿ ತಗೋತೀರಿ?"

ಸಾವಿತ್ರಿಬಾ­ಯಿ ಮೊದಲು ಒಂದೊಂದೇ ಮಾತಿನ ಉತ್ತರ ಕೊಟ್ಟರು. ಆಮೇಲೆ ಸೋಫಾದಲ್ಲಿ ಮುಂದೆ ಸರಿದು ಕೂತು, ಎಡ ಮೊಣಕಾಲಿನ ಇಡೀ ಚರಿತ್ರೆ ಬಿಚ್ಚಿದರು. ಅಕ್ಕ ನಡುವೆ ಬಾಯಿ ಹಾಕದೆ ಕೇಳಿದಳು. ಗುರುವಾರ ಕಾಲೇಜಿನ ಆಸ್ಪತ್ರೆಗೆ ಬರಲು, ಈಗ ತಗೊಳ್ಳುವ ಗುಳಿಗೆಗಳನ್ನೂ ಜೊತೆಗೆ ತರಲು ಹೇಳಿದಳು.

"ನಮ್ಮ ಸರ್ ನೋಡಲಿ. ಅಲ್ಲೀತನ ಯಾರು ಹೇಳಿದ್ರೂ ಏನೂ ತಗೋಬ್ಯಾಡ್ರಿ. ಬೇರು ಅಂದ್ರೂ ಔಷಧನ ಅಲ್ಲೇನ್ರಿ? ಮಂದಿ ನೋಡಿ ಕೊಡಬೇಕು." ಆಮೇಲೆ ಅತ್ತಿಯ ಕಡೆ ತಿರುಗಿ, "ನನಗ ಮೊದಲ ಬೇರಿನ ವಾಸನಿ ಹಿಡಿಯಾಕ ಕಲಿಸಿದವ್ರು ಇವ್ರು," ಅಂದಳು. "ಕಾಲೇಜಿಗೆ ಹೋಗೂಕಿಂತ ಮೊದಲ ಅರ್ಧಾ ಓದಿಸಿದ್ರು."

ಅತ್ತಿಯ ಕಣ್ಣಲ್ಲಿ ನೀರಾಡಿತು. ಅಕ್ಕಲಕರೆಗೆ ಕಣ್ಣಲ್ಲಿಯೂ ನೀರು ಬರುತ್ತದೋ ಏನೋ, ನನಗೆ ಗೊತ್ತಿಲ್ಲ. ಅವ್ವ ಅವಳ ಮುಂದೆ ಚಹಾ ಇಟ್ಟಳು. ಅತ್ತಿ ಒಂದು ಗುಟುಕು ಕುಡಿದು, ಬಿಸ್ಕತ್ತು ಅದ್ದಿ ತಿಂದು, ನಾಲಿಗೆಯನ್ನು ಬಾಯೊಳಗೇ ಆಚೆ ಈಚೆ ಹೊರಳಿಸಿ ನೋಡಿದಳು. ಮುಖದಲ್ಲಿ ಏನೋ ಬೆಳಕು ಬಂದ ಹಾಗಾಯಿತು. ರುಚಿ ಬಂತು ಅಂದರೆ ನಾಲಿಗೆ ಬಂತು!

ಬಂದವರು ಎದ್ದರು. ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಸಾವಿತ್ರಿಬಾಯಿ ಅತ್ತಿಯ ಕೈ ಹಿಡಿದುಕೊಂಡರು. "ಅಂಬವ್ವಾರ, ಹಿರ್ಯಾರು ನೀವು. ಹುಡುಗಿ ಓದು ಮುಗಸ್ತೀನಿ, ದವಾಖಾನಿ ಹಾಕ್ತೀನಿ ಅಂತಾಳ. ನನಗೇನೋ ಸೇರಿತು. ಆದ್ರ ಮನಿ ಮಾತು ನಿಮ್ಮದು. ಇದು ಖರೇ ಏನ್ರಿ? ಮೌನ ಮುರಿಯಬ್ಯಾಡ್ರಿ, ತಲಿ ಅಲ್ಲಾಡಿಸಿದ್ರ ಸಾಕು."

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಇಡೀ ಸಂಜೆ ಅವಳು ಹೇಳಿದ್ದೆಲ್ಲ ಈಗ ಅತ್ತಿಯ ಒಂದು ಮಾತಿನ ಮೇಲೆ ನಿಂತಿತ್ತು. 'ಸಣ್ಣ ಹುಡುಗಿ ಏನೋ ಅಂತಾಳ್ರಿ' ಎಂದರೆ ಮುಗಿಯಿತು, ಮತ್ತೆ ಸಿಂಧನೂರೇ. ಅತ್ತಿ ಉಸಿರು ಎಳೆದುಕೊಂಡಳು. ಅದು ಅವಳು ಮಾತು ಶುರು ಮಾಡುವ ಮುಂಚಿನ ಉಸಿರು, ನಮಗೆಲ್ಲ ಗೊತ್ತು. ಅಕ್ಕನ ಮುಖ ನೋಡಿದಳು. ಆಮೇಲೆ ಆ ಉಸಿರನ್ನು ಹಾಗೇ ಮೂಗಿನಿಂದ ಬಿಟ್ಟು, ಹೌದು ಎಂದು ತಲೆ ಅಲ್ಲಾಡಿಸಿದಳು. ಒಂದು ಸಲ ಅಲ್ಲ, ಕೊರಳಿನ ಸರ ಅಲುಗುವ ಹಾಗೆ, ಮತ್ತೆ ಮತ್ತೆ.

ಮೆಟ್ಟಿಲ ಮೇಲೆ ಅವರ ಹೆಜ್ಜೆ ಸದ್ದು ಕಡಿಮೆಯಾಯಿತು. ಬಾಗಿಲು ಹಾಕಿದ್ದೇ ತಡ:

"ಮಲ್ಲ್ಯಾ! ಬಾ ಇಲ್ಲಿ! ಸಂಚಿ ಹೆಂಗ ತುಂಬಿದಿ?"

ಅಪ್ಪ ಬಂದು ಸಂಚಿಯನ್ನು ಕೈಗೆ ತೆಗೆದುಕೊಂಡು ತೋರಿಸಿದರು. ಆಗ ನಮಗೆಲ್ಲ ಹೊಳೆಯಿತು. ಅಪ್ಪ ಎಡಚರು! ಉಣ್ಣುವುದೊಂದು ಬಿಟ್ಟು ಎಲ್ಲ ಎಡಗೈ. ಅತ್ತಿ ಸಂಚಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ತುಂಬುತ್ತಾಳೆ, ದಾರ ಬಲಕ್ಕಿರುತ್ತದೆ. ಅಪ್ಪ ಬಲಗೈಯಲ್ಲಿ ಹಿಡಿದು ಎಡಗೈಯಿಂದ ತುಂಬಿದ್ದರು, ದಾರ ಎಡಕ್ಕೆ. ಅತ್ತಿ ಬಲಕ್ಕೆ ಅಂದಳೆಂದು ಬಲಗಡೆಯಿಂದಲೇ ಎಣಿಸಿ, ಅಚ್ಚುಕಟ್ಟಾಗಿ, ಒಂದನ್ನೂ ಬಿಡದೆ, ಇಡೀ ಸಂಚಿಯನ್ನು ಉಲ್ಟಾ ತುಂಬಿದ್ದರು.

"ಹಂಗಾದ್ರ ಮುಂಜಾನಿಂದ ನೀ ಹಲ್ಲಿಗೆ ಅಗಿಯಾಕತ್ತಿದ್ದು ಜೇಷ್ಠಮಧ ಏನು?" ಅತ್ತಿ ಹಣೆ ಬಡಿದುಕೊಂಡಳು. "ಸಿಹಿ ಹತ್ತಲಿಲ್ಲೇನು ನಿನಗ?"

"ಹತ್ತಿತು," ಅಂದರು ಅಪ್ಪ.

"ಮತ್ತ ಹೇಳಬಾರದಾ?"

"ನೀನ ಕೊಟ್ಟಿದ್ದಿ. ಛಲೋನ ಇತ್ತು."

"ನೋವು?"

"ನೋವು ಹಂಗ ಐತಿ."

ನಾವು ನಕ್ಕು ನಕ್ಕು ಸೋಫಾದ ಹೊಸ ಕವರು ಜಾರಿ ಕೆಳಗೆ ಬಿತ್ತು. ಅಕ್ಕ ಮಾತ್ರ ಅತ್ತಿಯ ಕುರ್ಚಿಯ ಪಕ್ಕ ಹೋಗಿ ನೆಲದ ಮೇಲೆ ಕೂತಳು. "ಅತ್ತಿ, ಬಾಗಲದಾಗ ನಿಂತಾಗ ನಿನಗ ಮಾತು ಬರ್ತಿತ್ತು, ಅಲ್ಲ?"

"ಚಾ ಕುಡದಾಗ ಬಂದಿತ್ತು ಬಿಡು."

"ಮತ್ತ ಯಾಕ ಸುಮ್ಮನಿದ್ದಿ?"

ಅತ್ತಿ ಅವಳ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯಲು ಶುರು ಮಾಡಿದಳು. "ಎಲ್ಲಾ ನೀನ ಹೇಳಿದಿ. ನಂದು ಏನ್ ಉಳದಿತ್ತು? ನೀ ಹಿಂಗ ಮಾತಾಡ್ತಿ ಅಂತ ನನಗೇನ್ ಗೊತ್ತು? ಯಾವತ್ತರ ಮಾತಾಡಿದ್ರ ಗೊತ್ತಾಗ್ತಿತ್ತು," ಅಂದಳು.

ಅಕ್ಕ ನನ್ನ ಕಡೆ ನೋಡಿದಳು. ನಾನು ಬಾಯಿಗೆ ಬೀಗ ಹಾಕಿದಂತೆ ಸನ್ನೆ ಮಾಡಿದೆ. ಆಮೇಲೆ ಅತ್ತಿ, "ಒಂದು ತಪ್ಪು ಮಾಡಿದಿ. ರೊಟ್ಟಿ ವಿಷಯ ಅಷ್ಟು ಜಲ್ದಿ ಬಿಡಬಾರದಿತ್ತು. ಅವನು ಇನ್ನೂ ಪಲ್ಯಾಕ್ಕೂ ಒಪ್ಪತಿದ್ದ," ಅಂದಳು.

ಅಪ್ಪನ ಹಲ್ಲನ್ನು ಸೋಮವಾರ ದಂತವೈದ್ಯರು ಕಿತ್ತರು. ಮಂಗಳವಾರ ಸಾವಿತ್ರಿಬಾಯಿಯ ಫೋನ್ ಬಂತು. ಹುಡುಗನಿಗೆ ಒಪ್ಪಿಗೆ, ಅವರಿಗೂ ಒಪ್ಪಿಗೆ, ಗುರುವಾರ ಕಾಲೇಜಿಗೆ ಮೊಣಕಾಲು ತೋರಿಸಲು ಬರುತ್ತಾರಂತೆ. ಮುಂದಿನ ಭಾನುವಾರ ಮಾತುಕತೆ. ಅತ್ತಿ ಸ್ಪೀಕರ್ ಹಾಕಿಸಿ ಎಲ್ಲ ಕೇಳಿಸಿಕೊಂಡಳು. ಕೊನೆಗೆ ಆ ಕಡೆಯಿಂದ, "ನನ್ನ ಅಣ್ಣನೂ ಬರ್ತಾನ್ರಿ. ಮನಶಾ ಬಂಗಾರ, ಆದ್ರ ಮಾತು ಒಂದಿಷ್ಟು ಜಾಸ್ತಿ. ಹುಡುಗ-ಹುಡುಗಿಗೆ ಒಂದು ಮಾತೂ ಆಡಗೊಡೂದಿಲ್ಲ. ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದರು.

ಆ ಭಾನುವಾರ ಊಟವಾದ ಮೇಲೆ ಅತ್ತಿ ಬಾಲ್ಕನಿಯ ಬಿಸಿಲಿನಲ್ಲಿ ಕೂತು ಸಂಚಿ ಬಿಚ್ಚಿದಳು. ಈಗ ಎಲ್ಲ ಖಾನೆಗಳೂ ಸರಿಯಾಗಿದ್ದವು. ಆದರೂ ಕನ್ನಡಕ ಹಾಕಿಕೊಂಡು, ನೋಡಿ ನೋಡಿ, ನಾಲ್ಕನೆಯದರಿಂದ ಒಂದು ತುಂಡು ತೆಗೆದು ಅಡಕತ್ತಿನಲ್ಲಿ ಸಣ್ಣಗೆ ಕತ್ತರಿಸಿದಳು.

"ಯಾರಿಗೆ ಅದು?" ಅಂದಳು ಅಕ್ಕ, ಅನುಮಾನದಿಂದ.

"ಅವರ ಅಣ್ಣ ಬರ್ತಾರಲ್ಲ. ಎಲಿ-ಅಡಿಕಿ ಜೋಡಿ ಒಂದು ಚೂರು ಕೊಡ್ತೀನಿ."

"ಅತ್ತಿ! ಮಂದಿ ನೋಡಿ ಔಷಧ ಕೊಡಬೇಕು ಅಂತ ಮೊನ್ನೆ ಅವರ ಮುಂದ ಹೇಳೀನಿ ನಾನು!"

"ನೋಡೂದೇನೈತಿ? ರೋಗ ಗೊತ್ತೈತಿ," ಅಂದಳು ಅತ್ತಿ. ಗೇಟಿನಲ್ಲಿ ಆಟೋದ ಸದ್ದಾಯಿತು. ಅತ್ತಿ ಕತ್ತರಿಸಿದ ಚೂರುಗಳನ್ನು ಅಂಗೈಯಲ್ಲಿ ಅಲುಗಿಸಿ ನೋಡಿ, ಅಷ್ಟನ್ನೂ ನಾಲ್ಕನೆಯ ಖಾನೆಗೇ ಮರಳಿ ಸುರಿದಳು. ಒಂದೇ ಒಂದು ಚೂರನ್ನು ಉಳಿಸಿಕೊಂಡು, ನಮ್ಮಿಬ್ಬರನ್ನೂ ನೋಡಿ ಕಣ್ಣು ಮಿಟುಕಿಸಿ, ತನ್ನ ದವಡೆಗೇ ಇಟ್ಟುಕೊಂಡಳು. ಆಮೇಲೆ ಸೆರಗು ಸರಿಮಾಡಿಕೊಂಡು, ಅಕ್ಕನ ಬೆನ್ನಿಗೆ ಕೈ ಹಾಕಿ, ಅವಳನ್ನೇ ಮುಂದೆ ಬಿಟ್ಟು ಬಾಗಿಲ ಕಡೆ ನಡೆದಳು.